ಹಲಗೆ ಮತ್ತು ಹದಿನಾರು ಗುಂಡಿ



ನಮ್ಮ ಕೇರಿ ಹುಡುಗ ಒಂದು ಸ್ಟೆಪ್ ಸೀಕ್ವೆನ್ಸರ್ ತಂದಾನ. ಸಾಲಾಗಿ ಹದಿನಾರು ಗುಂಡಿ. ಒತ್ತಿಟ್ಟ ಗುಂಡಿಯ ಸರದಿ ಬಂದಾಗ ಪೆಟ್ಟು ಬೀಳ್ತದೆ, ಹದಿನಾರು ಮುಗಿದ್ರೆ ಮತ್ತೆ ಒಂದರಿಂದ. 'ರ‍್ಯಾಂಡಮ್' ಮಾಡಿದ್ರೆ ಯಾವ ಪೆಟ್ಟು ಎಲ್ಲಿ ಅಂತ ಡಬ್ಬಿನೇ ಚೀಟಿ ಎತ್ತಿದಂಗೆ ಆರಿಸ್ತದೆ. ಒಂದು ಪೆಟ್ಟಿಗೆ ಶೇ 50 ಅಂತ ಇಟ್ರೆ ಒಂದು ಸುತ್ತಿನಲ್ಲಿ ಬಿದ್ದದ್ದು ಇನ್ನೊಂದರಲ್ಲಿ ಬೀಳದೇ ಹೋಗಬಹುದು.

'ಈಗ ಜೀವ ಬಂತು ನೋಡಣ್ಣ' ಅಂದ. ನಗುನೂ ಬಂತು, ಸಿಟ್ಟೂ ಬಂತು. ನಮ್ಮ ದೊಡ್ಡಪ್ಪ ಹಲಗೆ ಮೇಲೆ ಪೆಟ್ಟು ತಪ್ಪಿಸಿದ್ರೆ 'ಕುಡಿದಾನ' ಅಂತಿದ್ರು. ಕುಣಿಯೋರ ಕಾಲು ನೋಡಿ ಬೇಕಂತಲೇ ತಪ್ಪಿಸ್ತಿದ್ದ. ಕೂಲಿ ಕೇಳಿದ್ರೆ 'ಅದು ನಿಮ್ಮ ಕೆಲಸ ಅಲ್ಲೇನು?'

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸುತ್ತಿ 'ಹಲಗೆ ಬಿಟ್ಟಾಕ್ರಿ' ಅಂತ ಭಾಷಣ ಮಾಡಿದೋನೂ ನಾನೇ. ಬಿಟ್ಟಿ ಬಾರಿಸೋದು ಈಗಲೂ ಬ್ಯಾಡ. ಡಬ್ಬಿಗೆ ಜಾತಿ ಇಲ್ಲ, ಹುಡುಗ ಕಲೀಲಿ. 1982ರಲ್ಲೇ ಮುಂಬೈಯ ಚರಣ್‌ಜಿತ್ ಸಿಂಗ್ ಇಂಥದ್ದೇ ಯಂತ್ರ, ರೋಲ್ಯಾಂಡ್ ಟಿಆರ್-808, ಇಟ್ಟುಕೊಂಡು ಹತ್ತು ರಾಗ ನುಡಿಸಿದ್ರು. ಆದ್ರೆ ಹಲಗೆಯ ಸದ್ದು ಡಬ್ಬಿಗೆ ತುಂಬೋದಾದ್ರೆ ಬಾರಿಸಿದ ಕೈಗೆ ಮೊದಲು ದುಡ್ಡು, ಹಾಡಿನ ಕೆಳಗೆ ಹೆಸರು.

ಭಾನುವಾರ ದೊಡ್ಡಪ್ಪನ್ನ ಕೂರಿಸಿ ರೆಕಾರ್ಡ್ ಮಾಡ್ತಾನಂತೆ. ರೇಟು ನಾನು ಮಾತಾಡ್ತೀನಿ ಅಂದೀನಿ.