ಚಿತ್ರಲೇಖನದ ಗಂಟೆ ಯಾರ ಪಾಲು?

ಪಾಠಶಾಲೆಗಳ ವೇಳಾಪಟ್ಟಿಯಲ್ಲಿ ಚಿತ್ರಲೇಖನಕ್ಕೆಂದು ಬರೆದಿಟ್ಟ ಗಂಟೆಯು, ಪರೀಕ್ಷೆ ಸಮೀಪಿಸಿದೊಡನೆ, ಗಣಿತಕ್ಕೋ ಇಂಗ್ಲಿಷಿಗೋ ದಾನವಾಗಿ ಹೋಗುವುದು. ಕೇಳಿದವರಿಗೆ “ಚಿತ್ರ ಬರೆದರೆ ಹೊಟ್ಟೆ ತುಂಬುವುದೇ?” ಎಂಬ ಉತ್ತರ ಸಿದ್ಧವಾಗಿಯೇ ಇರುವುದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಗೃಹಸ್ಥರು ಈ ಉತ್ತರಕ್ಕೆ ತಲೆದೂಗುವುದು ಸೋಜಿಗವೇ ಸರಿ. ಶಹಾಬಾದದ ಹಾಸುಗಲ್ಲು ದೂರದೂರದ ಮನೆಗಳ ನೆಲವಾಗಿದೆ. ಅಳತೆ ತಪ್ಪಿದ ಕಲ್ಲನ್ನು ಯಾರು ಕೊಳ್ಳುವರು? ವಾಡಿಯ ಸಿಮೆಂಟು ಕಟ್ಟಡವಾಗುವ ಮುನ್ನ ಕಾಗದದ ಮೇಲೆ ರೇಖೆಯಾಗಿರಲೇಬೇಕು. ಚಿತ್ತಾಪುರ ತಾಲೂಕಿನ ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಿಲ್ಪಫಲಕವು ದೊರೆಯಿತು. ಮಳಖೇಡದ ಕೋಟೆಯೂ ದೂರವಿಲ್ಲ. ಇಂತಹ ನೆಲದ ಬಾಲಕನು ಚಿತ್ರದ ಗಂಟೆಯಲ್ಲಿ ಹೂಜಿಯನ್ನೂ ಲೋಟವನ್ನೂ ನಕಲುಮಾಡುತ್ತ ಕುಳಿತಿರುವನು. ಅದೂ ಆ ಗಂಟೆ ಉಳಿದಿದ್ದರೆ!

ಹೊಟ್ಟೆಯ ಪ್ರಶ್ನೆಗೆ ಉತ್ತರ ಕಲಬುರಗಿಯಲ್ಲಿಯೇ ಇದೆ. 1916ರಲ್ಲಿ ಅಲ್ಲಿ ಜನಿಸಿದ ಎಸ್. ಎಂ. ಪಂಡಿತರಿಗೆ ಮೊದಲು ಕುಂಚ ಹಿಡಿಯಲು ಕಲಿಸಿದವರು ಅದೇ ಊರಿನ ಶಂಕರರಾವ್ ಆಳಂದಕರರು. ಶಿಷ್ಯರು ಮುಂದೆ ಮದರಾಸು, ಮುಂಬಯಿಗಳಲ್ಲಿ ಅಭ್ಯಾಸಮಾಡಿ, ಚಲಚಿತ್ರಗಳ ಜಾಹೀರಾತುಗಳಿಂದಲೂ ಕ್ಯಾಲೆಂಡರಿನ ದೇವತಾಚಿತ್ರಗಳಿಂದಲೂ ಮನೆಮನೆಗೆ ಪರಿಚಿತರಾದರು. ಊರಿನ ಗುರುವೊಬ್ಬನು ಇಲ್ಲದಿದ್ದರೆ ಆ ಮೊದಲ ಹೆಜ್ಜೆಯನ್ನು ಇಡಿಸುವವರಾರು?

ಗುರುವಿದ್ದರೆ ಮಾತ್ರ ಸಾಲದು, ಗ್ರಂಥವೂ ಬೇಕು. ಬೆಂಗಳೂರಿನ ಅ. ನ. ಸುಬ್ಬರಾಯರು ಇದನ್ನು ಅರಿತಿದ್ದರು. 1919ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿ ಚಿತ್ರವಿದ್ಯೆಯನ್ನು ಕಲಿಸಿದವರು, ಅಷ್ಟಕ್ಕೇ ನಿಲ್ಲದೆ ‘ಕಲಾ’ ಎಂಬ ಪತ್ರಿಕೆಯನ್ನೂ ಹೊರತಂದರು. ಕಲಿಸಿದ ಮಾತು ಕೊಠಡಿಯೊಳಗೇ ಉಳಿಯಬಾರದು, ಅಚ್ಚಾಗಿ ಓದುಗರ ಮನೆಗೂ ಹೋಗಬೇಕು ಎಂಬ ಹಟ ಅದು. ಅದೇ ಕಾಲದಲ್ಲಿ ಕಲಬುರಗಿಯ ಸೀಮೆಯು ನಿಜಾಮರ ಆಡಳಿತದಲ್ಲಿತ್ತು; 1948ರವರೆಗೂ ಇಲ್ಲಿನ ಮಕ್ಕಳಿಗೆ ಕನ್ನಡದ ಓದೇ ದುರ್ಲಭವಾಗಿದ್ದಾಗ ಚಿತ್ರದ ಪುಸ್ತಕದ ಮಾತೆಲ್ಲಿ? ಆದರೆ ಆ ನೆವವು ಇನ್ನೂ ಎಷ್ಟು ವರ್ಷ ನಡೆದೀತು?

ಇನ್ನು, ಚಿತ್ರವು ಕುಶಲಕರ್ಮಿಯ ಕಸುಬು, ವಿದ್ವಾಂಸರಿಗೆ ಸಲ್ಲದು ಎನ್ನುವ ಸಂಸ್ಕೃತಾಭಿಮಾನಿಗಳಿದ್ದಾರೆ. ಅವರು ವಿಷ್ಣುಧರ್ಮೋತ್ತರದ ಮೂರನೆಯ ಖಂಡವನ್ನು ತೆರೆದು ನೋಡಲಿ. ಅಲ್ಲಿ ಮಾರ್ಕಂಡೇಯ ಋಷಿಯು ವಜ್ರನೆಂಬ ಅರಸನಿಗೆ ಚಿತ್ರಸೂತ್ರವನ್ನು ಬೋಧಿಸುತ್ತಾನೆ. ಋಷಿಗೆ ಹೀನವಲ್ಲದ್ದು ಇವರಿಗೆ ಹೀನವಾಯಿತೇ? ಯಶೋಧರನು ತನ್ನ ಜಯಮಂಗಲಾ ವ್ಯಾಖ್ಯಾನದಲ್ಲಿ ಹೇಳುವ ಚಿತ್ರದ ಆರು ಅಂಗಗಳಲ್ಲಿ ಎರಡನೆಯದು ಪ್ರಮಾಣ. ಪ್ರಮಾಣವೆಂದರೆ ಅಳತೆಯೇ ತಾನೆ? ಗಣಿತಕ್ಕಾಗಿ ಚಿತ್ರವನ್ನು ಬಲಿಕೊಡುವವರು ಗಣಿತವನ್ನೂ ಸರಿಯಾಗಿ ತಿಳಿದವರಲ್ಲ.

ಪಾಲಕರು ಶಾಲೆಯ ಆಡಳಿತ ಮಂಡಳಿಯನ್ನು ಕೇಳಬೇಕಾದುದು ಇಷ್ಟು: ಚಿತ್ರದ ಗಂಟೆಯನ್ನು ಯಾರಿಗೂ ಕೊಡಕೂಡದು, ಬರಿದಾದ ಚಿತ್ರಶಿಕ್ಷಕರ ಸ್ಥಾನವನ್ನು ತುಂಬಬೇಕು, ಸನ್ನತಿಯ ಫಲಕಗಳನ್ನೂ ಮಳಖೇಡದ ಕೋಟೆಯನ್ನೂ ಮಾದರಿಯಾಗಿಟ್ಟು ಕನ್ನಡದಲ್ಲಿ ಒಂದು ಚಿತ್ರಬೋಧಿನಿಯನ್ನು ಬರೆಯಿಸಬೇಕು. ಅದರ ಅಚ್ಚಿನ ಖರ್ಚು, ವಾರ್ಷಿಕೋತ್ಸವದ ಒಂದು ಮಂಟಪದ ಖರ್ಚಿಗಿಂತ ಹೆಚ್ಚಾಗಲಾರದು.