ಕಿವಿಗುರುತು ಇರಲಿ ಬಿಡಿ

ಮಧುಗಿರಿ, ಕೊರಟಗೆರೆಯ ಗೊಬ್ಬರದಂಗಡಿ, ಗಿರವಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವ ನಮ್ಮ ಪುರವರ ಕಡೆಯ ಹುಡುಗರು ನಕಲು ಮಾಡಿದವರನ್ನು ಹಿಡಿಯಲು ಅದರೊಳಗೆ ಕಣ್ಣಿಗೆ ಬೀಳದ ಗುರುತೊಂದನ್ನು ಹುದುಗಿಸಿಡಬೇಕು ಎಂದು ನಾನು ಹೇಳಿದ್ದಕ್ಕೆ ತಕರಾರುಗಳ ಸುರಿಮಳೆಯಾಗಿದೆ.

ಯಾವ ಗುರುತಿಟ್ಟರೂ ಬಲ್ಲವನು ಕಿತ್ತೆಸೆಯುತ್ತಾನೆ ಎಂಬುದು ಮೊದಲನೆಯದು. ಒಪ್ಪಿದೆ. ಯಾರಿಂದಲೂ ಅಳಿಸಲಾಗದ ಗುರುತಿನ ಆಸೆಗೆ 2001ರಲ್ಲೇ ಗಣಕವಿಜ್ಞಾನಿ ಬೋವಾಜ್ ಬರಾಕ್ ಮತ್ತು ಸಂಗಡಿಗರು ಗಣಿತದಿಂದಲೇ ತಣ್ಣೀರೆರಚಿದ್ದಾರೆ. ಆದರೆ ನಕಲು ಹೊಡೆಯುವವರೆಲ್ಲ ಬರಾಕ್‌ಗಳಲ್ಲ. ಅಮೆರಿಕದ ಫ್ರಾಂಕ್ಲಿನ್ ಕಂಪನಿ ಆಪಲ್‌ನ ಪ್ರೋಗ್ರಾಂಗಳನ್ನು ನಕಲಿಸಿದಾಗ ಆಪಲ್ ಪ್ರೋಗ್ರಾಮರ್ ಜೇಮ್ಸ್ ಹ್ಯೂಸ್ಟನ್ ಹೆಸರು ಆ ನಕಲಿನೊಳಗೇ ಉಳಿದುಬಿಟ್ಟಿತ್ತು. 1983ರಲ್ಲಿ ಮೇಲ್ಮನವಿ ನ್ಯಾಯಾಲಯ ಆಪಲ್ ಪರ ತೀರ್ಪಿತ್ತಿತು. ಅದು ಸಾದಾ ಅಕ್ಷರದಲ್ಲಿದ್ದ ಹೆಸರು. 1999ರಲ್ಲಿ ಸಂಶೋಧಕರಾದ ಕಾಲ್‌ಬರ್ಗ್ ಮತ್ತು ಥಾಂಬರ್ಸನ್ ತೋರಿದ ದಾರಿಯಲ್ಲಾದರೆ ಗುರುತು ಕೋಡಿನ ಸಾಲುಗಳಲ್ಲಿ ಕಾಣುವುದೇ ಇಲ್ಲ. ಗುಟ್ಟಿನ ಇನ್‌ಪುಟ್ ಕೊಟ್ಟಾಗ ಮಾತ್ರ ಪ್ರೋಗ್ರಾಂ ಮೆಮೊರಿಯಲ್ಲಿ ಒಂದು ಜಾಲ ಹೆಣೆಯುತ್ತದೆ, ಆ ಜಾಲದ ಆಕಾರದಲ್ಲಿ ಒಂದು ಸಂಖ್ಯೆ ಅಡಗಿರುತ್ತದೆ. ಅದನ್ನು ಹುಡುಕಿ ಕೀಳುವ ಶ್ರಮದಲ್ಲಿ ಗಿರವಿ ಲೆಕ್ಕದ ಸಾಫ್ಟ್‌ವೇರನ್ನು ಹೊಸದಾಗಿಯೇ ಬರೆದುಬಿಡಬಹುದು.

ಇದು ಗಿರಾಕಿಯ ಮೇಲೆ ಗೂಢಚಾರಿಕೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಹೀಗೆನ್ನುವವರು ಎರಡು ಬಗೆಯ ಗುರುತುಗಳನ್ನು ಬೆರೆಸಿಬಿಟ್ಟಿದ್ದಾರೆ. ಬರೆದವರು ಯಾರು ಎನ್ನುವ ಗುರುತು ಒಂದು. ಈ ಪ್ರತಿಯನ್ನು ಯಾರಿಗೆ ಮಾರಿದ್ದು ಎನ್ನುವುದು ಇನ್ನೊಂದು. 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ಸೇರಿದ 65ಬಿ ಕಲಂ ಪ್ರಕಾರ, ಕರ್ತೃವಿನ, ಹಕ್ಕುದಾರರ ವಿವರವನ್ನು ಅಥವಾ ಅದನ್ನು ಸೂಚಿಸುವ ಸಂಖ್ಯೆಯನ್ನು ಅಧಿಕಾರವಿಲ್ಲದೆ ಬೇಕೆಂದೇ ಅಳಿಸಿದರೆ 2 ವರ್ಷದವರೆಗೆ ಜೈಲು. ಬಳಕೆದಾರನನ್ನು ಗುರುತಿಸುವ ಉಪಾಯಗಳಿಗೆ ಮಾತ್ರ ಈ ರಕ್ಷಣೆ ಇಲ್ಲ ಎಂದು ಅದೇ ಕಾಯಿದೆ ಬಿಡಿಸಿ ಹೇಳಿದೆ. ಶಾಸನ ಮಾಡಿದವರಿಗೆ ಹೊಳೆದ ವ್ಯತ್ಯಾಸ ನಮ್ಮ ಟೀಕಾಕಾರರಿಗೆ ಹೊಳೆಯದಿರುವುದು ಸೋಜಿಗ! ನನ್ನ ವಾದ ಮೊದಲನೆಯದರ ಪರ. ಎರಡನೆಯದೂ ಬೇಕೆನ್ನುವವರು ಬಿಲ್ಲಿನ ಮೇಲೇ ಅಚ್ಚು ಹಾಕಿಸಿ ಗಿರಾಕಿಗೆ ತಿಳಿಸಲಿ. ಅಂದಹಾಗೆ, ಈ ಗುರುತು ಇಂಟರ್‌ನೆಟ್ಟಿನಲ್ಲಿ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಕುರಿಯ ಕಿವಿಗೆ ಮಾಡಿದ ಗುರುತಿನಂತೆ ಸುಮ್ಮನಿರುತ್ತದೆ, ಕುರಿ ಬೇರೆಯವರ ಮಂದೆಯಲ್ಲಿ ಸಿಕ್ಕ ದಿನ ಮಾತ್ರ ಕೆಲಸಕ್ಕೆ ಬರುತ್ತದೆ.

ಬಡ ಹುಡುಗರ ಕಲಿಕೆಗೆ ಕಲ್ಲು ಹಾಕುತ್ತೀರಿ ಎಂದವರೂ ಇದ್ದಾರೆ. ಗುರುತು ಯಾರ ಕೈಯನ್ನೂ ಕಟ್ಟುವುದಿಲ್ಲ ಸ್ವಾಮಿ. ಕಲಿಯುವವರಿಗೆ ಸರ್ಕಾರದ ನುಡಿ, ಲಿಬ್ರೆಆಫೀಸ್ ಬಿಟ್ಟಿಯಾಗೇ ಸಿಗುತ್ತವೆ. ಕೈ ಕಟ್ಟುವುದು ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚದಿದ್ದರೆ ಸಾಫ್ಟ್‌ವೇರ್ ನಡೆಯದ ಬೀಗದ ಕಡ್ಡಿ. ಅದು ಕೆಟ್ಟರೆ ಲಗ್ನಪತ್ರಿಕೆಯ ಕೆಲಸ ಅರ್ಧಕ್ಕೆ ನಿಲ್ಲುವ ಪಾಡು ಡಿಟಿಪಿ ಅಂಗಡಿಯ ಹಳಬರಿಗೆ ಗೊತ್ತು.

ಉಳಿದದ್ದು, ಕೋರ್ಟು ಇದನ್ನೆಲ್ಲ ನಂಬುವುದಿಲ್ಲ ಎಂಬ ಮಾತು. ಬರೀ ಬಾಯಿಮಾತಾದರೆ ನಂಬುವುದಿಲ್ಲ, ಸರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕೆನ್ನುತ್ತದೆ, ಅದರಲ್ಲಿ ದಾಖಲೆಯ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯೂ ಇರಬೇಕು. ಹಾಗಾಗಿ ಮಾರುವ ಮೊದಲೇ ಸಾಫ್ಟ್‌ವೇರಿನ ಹ್ಯಾಶ್ ಬರೆದಿಟ್ಟುಕೊಂಡು ಹಕ್ಕುಸ್ವಾಮ್ಯ ನೋಂದಣಿಗೆ ಅರ್ಜಿ ಹಾಕಿ. 2021ರಲ್ಲಿ ತಿದ್ದಿದ ನಿಯಮದಂತೆ ಮೂಲ ಕೋಡಿನ ಮೊದಲ 10, ಕೊನೆಯ 10 ಪುಟ ಸಲ್ಲಿಸಿದರೆ ಸಾಕು, ಆದರೆ ಅವುಗಳಲ್ಲಿ ಒಂದು ಸಾಲನ್ನೂ ಮರೆಮಾಚುವಂತಿಲ್ಲ. ಗುರುತನ್ನು ಹೆಣೆಯುವ ಕೋಡು ನಡುವಿನ ಪುಟಗಳಲ್ಲಿರಲಿ.