ಜ್ವರದ ಮಾತ್ರೆಗೂ ಮಗುವಿನ ಕಲಿಕೆಗೂ ಗಂಟು ಹಾಕುವ ಮುನ್ನ

2025ರ ಸೆಪ್ಟೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಶ್ವೇತಭವನದಲ್ಲಿ ನಿಂತು, ಗರ್ಭಿಣಿಯರು ಟೈಲೆನಾಲ್ ನುಂಗಬೇಡಿ, ಮಕ್ಕಳಿಗೆ ಆಟಿಸಂ ಬರುವ ಅಪಾಯವಿದೆ ಎಂದರು. ಟೈಲೆನಾಲ್ ಎಂದರೆ ಬೇರೇನಲ್ಲ, ಪ್ಯಾರಾಸಿಟಮಾಲ್. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಡೋಲೋ ಎಂದು ಕೇಳಿ ತರುವ ಮಾತ್ರೆಯಲ್ಲಿರುವುದೂ ಅದೇ. ಹಾಗಾಗಿ ಆ ಮಾತು ನಮ್ಮ ಟಿ.ವಿ.ಗೂ ವಾಟ್ಸ್‌ಆ್ಯಪಿಗೂ ಬರಲು ತಡವಾಗಲಿಲ್ಲ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದೇ ಹೊತ್ತಿಗೆ ವೈದ್ಯರಿಗೆ ಬರೆದ ಪತ್ರದಲ್ಲಿ, ನಂಟು ಕಂಡಿದೆಯಾದರೂ ಮಾತ್ರೆಯೇ ಕಾರಣವೆಂಬುದು ಸಾಬೀತಾಗಿಲ್ಲ, ಇದಕ್ಕೆ ವ್ಯತಿರಿಕ್ತವಾದ ಅಧ್ಯಯನಗಳೂ ಇವೆ ಎಂದು ಒಪ್ಪಿಕೊಂಡಿತ್ತು. ಆ ಪತ್ರವನ್ನು ಯಾರೂ ಫಾರ್ವರ್ಡ್ ಮಾಡಿದಂತಿಲ್ಲ. ಓದುಗರಲ್ಲಿ, ಅದಕ್ಕಿಂತ ಹೆಚ್ಚಾಗಿ ಮನೆಯ ಹಿರಿಯರಲ್ಲಿ ನನ್ನ ಮನವಿ ಇಷ್ಟು: ತಾಯಿ ಬಸುರಿನಲ್ಲಿ ಮಾತ್ರೆ ನುಂಗಿದಳೇ ಎಂದು ವಿಚಾರಿಸುವ ಮೊದಲು, ಯಾಕೆ ನುಂಗಿದಳು ಎಂದು ಕೇಳಿ.

ಯಾರೂ ಸುಮ್ಮನೆ ಮಾತ್ರೆ ನುಂಗುವುದಿಲ್ಲ. ಜ್ವರವಿತ್ತು, ಸೋಂಕಿತ್ತು, ತಲೆ ಸಿಡಿಯುತ್ತಿತ್ತು. ಮಗುವಿನ ಮೇಲೆ ಪರಿಣಾಮವಾಗಿದ್ದರೆ ಅದು ಮಾತ್ರೆಯದೋ ಜ್ವರದ್ದೋ, ಅಥವಾ ತಾಯಿಯಿಂದ ಮಗುವಿಗೆ ಹರಿದು ಬಂದ ವಂಶವಾಹಿಯದೋ? ಮಳೆಯಲ್ಲಿ ನೆನೆದವರೆಲ್ಲ ಗೊರಬು ಸೂಡಿದ್ದರೆಂದು ಗೊರಬನ್ನೇ ದೂರುವ ತಪ್ಪು ಇಲ್ಲಿ ಸುಲಭ. ಇದನ್ನು ಬಿಡಿಸಿ ನೋಡಲು ಸ್ವೀಡನ್ನಿನ ದತ್ತಾಂಶವನ್ನಿಟ್ಟುಕೊಂಡು ನಡೆದ ಅಧ್ಯಯನವೊಂದು 2024ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1995ರಿಂದ 2019ರವರೆಗೆ ಅಲ್ಲಿ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ಅದರಲ್ಲಿತ್ತು. ಹತ್ತು ವರ್ಷ ತುಂಬುವ ಹೊತ್ತಿಗೆ, ತಾಯಿ ಮಾತ್ರೆ ತೆಗೆದುಕೊಳ್ಳದ ಸಾವಿರ ಮಕ್ಕಳಲ್ಲಿ ಸುಮಾರು 13 ಮಂದಿಗೆ, ತೆಗೆದುಕೊಂಡ ಸಾವಿರದಲ್ಲಿ 15 ಮಂದಿಗೆ ಆಟಿಸಂ ಕಂಡುಬಂದಿತ್ತು. ತಲೆಬರಹಕ್ಕೆ ಇಷ್ಟೇ ಸಾಕು. ಆದರೆ ಸಂಶೋಧಕರು ಅಲ್ಲಿಗೇ ನಿಲ್ಲಿಸದೆ ಒಡಹುಟ್ಟಿದವರನ್ನು ಹೋಲಿಸಿದರು: ಅದೇ ತಾಯಿ, ಒಂದು ಬಸುರಿನಲ್ಲಿ ಮಾತ್ರೆ ತೆಗೆದುಕೊಂಡಿದ್ದಾಳೆ, ಇನ್ನೊಂದರಲ್ಲಿ ಇಲ್ಲ. ಆಗ ಆ ವ್ಯತ್ಯಾಸ ಮಾಯವಾಯಿತು. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ), ಬೌದ್ಧಿಕ ನ್ಯೂನತೆ, ಎರಡರಲ್ಲೂ ಕಥೆ ಅದೇ.

46 ಅಧ್ಯಯನಗಳನ್ನು ಒಟ್ಟುಗೂಡಿಸಿದ 2025ರ ವಿಮರ್ಶೆಯಲ್ಲಿ ಹೆಚ್ಚಿನವು ನಂಟಿದೆ ಎಂದಿವೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಮಾತ್ರೆಯನ್ನೂ ಅದರ ಕಾರಣವನ್ನೂ ಬೇರ್ಪಡಿಸದ ಹತ್ತು ಅಧ್ಯಯನಗಳನ್ನು ಕೂಡಿಸಿದರೆ ಅದೇ ದೋಷ ಹಾಗೇ ಉಳಿಯುತ್ತದೆಯೇ ಹೊರತು ಕಳೆದುಹೋಗುವುದಿಲ್ಲ. ಸ್ವೀಡನ್ನಿನ ದಾಖಲೆಯಲ್ಲೂ ಕೊರತೆಯಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ: ಮಾತ್ರೆ ತೆಗೆದುಕೊಂಡೆವೆಂದು ದಾಖಲಾದವರು ಅಲ್ಲಿ ನೂರಕ್ಕೆ ಏಳೂವರೆ ಮಂದಿ ಮಾತ್ರ, ನಿಜದಲ್ಲಿ ಇನ್ನೂ ಹೆಚ್ಚಿದ್ದಿರಬೇಕು. ಹಾಗಾಗಿ ಈ ಮಾತ್ರೆ ಎಷ್ಟು ನುಂಗಿದರೂ ನಿರಪಾಯ ಎಂದು ಯಾರೂ ಹೇಳುತ್ತಿಲ್ಲ. ಅಗತ್ಯವಿದ್ದಾಗ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಎಂದು ವೈದ್ಯರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಆ ಎಚ್ಚರಿಕೆಗೂ ‘ಮಾತ್ರೆಯಿಂದಲೇ ಆಟಿಸಂ’ ಎಂಬ ತೀರ್ಪಿಗೂ ಬಹಳ ಅಂತರವಿದೆ.

‘ಎಚ್ಚರ ವಹಿಸಿದರೆ ಕಳೆದುಕೊಳ್ಳುವುದೇನು?’ ಎನ್ನುವುದು ಇನ್ನೊಂದು ವಾದ, ಕೇಳಲು ಹಿತವಾದದ್ದು. ಕಳೆದುಕೊಳ್ಳುವುದಿದೆ. ಮೊದಲ ತಿಂಗಳುಗಳ ತೀವ್ರ ಜ್ವರವನ್ನು ಹಾಗೇ ಬಿಟ್ಟರೆ ಭ್ರೂಣಕ್ಕೆ ಕೇಡಾಗುವ ಸಾಧ್ಯತೆ ಇದೆ. ಪ್ಯಾರಾಸಿಟಮಾಲಿಗೆ ಹೆದರಿದ ಕೈ ಐಬುಪ್ರೊಫೆನ್ನಿನಂಥ ನೋವುನಿವಾರಕದ ಕಡೆಗೆ ಹೋದೀತು. 20 ವಾರ ದಾಟಿದ ಬಸುರಿಯಲ್ಲಿ ಅದು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭಜಲವನ್ನು ಕುಗ್ಗಿಸಬಲ್ಲದು. ಚೀಟಿಯಿಲ್ಲದೆಯೇ ಮಾತ್ರೆ ಸಿಗುವ ನಮ್ಮಲ್ಲಂತೂ ಇದು ದೂರದ ಮಾತಲ್ಲ. ಬಸುರಿನಲ್ಲಿ ನಡೆದದ್ದು ಮಗುವಿನ ಮಿದುಳನ್ನು ತಟ್ಟುವುದೇ ಇಲ್ಲ ಎಂದೂ ಅಲ್ಲ. ಮದ್ಯಪಾನ, ಅಯೋಡಿನ್ ಕೊರತೆ, ರುಬೆಲ್ಲಾ ಸೋಂಕು, ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್, ಇವುಗಳ ಹಾನಿ ಗಟ್ಟಿಯಾಗಿ ಸ್ಥಾಪಿತವಾಗಿದೆ (ಮೂರ್ಛೆಯ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ಅದು ಬೇರೆ ಮಾತು). ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂಬ ಹಳೆಯ ಪ್ರಶ್ನೆ ತಲೆಬರಹವಾಗುವುದಿಲ್ಲ, ಅಷ್ಟೆ.

ಪತ್ರಕರ್ತ ಮಿತ್ರರಲ್ಲೂ ಒಂದು ಕೋರಿಕೆ. ಆಟಿಸಂ, ಎಡಿಎಚ್‌ಡಿ, ಓದುಬರಹದ ನಿರ್ದಿಷ್ಟ ಕಲಿಕಾ ನ್ಯೂನತೆ, ಇವು ಮೂರೂ ಬೇರೆ ಬೇರೆ. ಒಂದರ ಅಧ್ಯಯನವನ್ನು ಇನ್ನೊಂದಕ್ಕೆ ಅಂಟಿಸಬೇಡಿ. ಅಪಾಯ ‘ಶೇಕಡಾ ಇಷ್ಟು ಏರಿತು’ ಎನ್ನುವ ಬದಲು ಸಾವಿರಕ್ಕೆ ಎಷ್ಟಿದ್ದದ್ದು ಎಷ್ಟಾಯಿತು ಎಂದು ಬರೆಯಿರಿ. ತಾಯಂದಿರ ತಣ್ಣಗಿನ ಮನಸ್ಸೇ ಆಟಿಸಂಗೆ ಕಾರಣವೆಂದು 1967ರಲ್ಲಿ ಮನಶ್ಶಾಸ್ತ್ರಜ್ಞ ಬ್ರೂನೊ ಬೆಟಲ್‌ಹೈಮ್ ಪುಸ್ತಕ ಬರೆದಾಗ ಅದನ್ನು ನಂಬಿದವರು ಅನೇಕರು, ಬೆಲೆ ತೆತ್ತವರು ತಾಯಂದಿರು. ಗ್ರಹಣ ನೋಡಿದಳು, ಪಪ್ಪಾಯಿ ತಿಂದಳು ಎಂಬ ನಮ್ಮ ಮನೆಗಳ ಪಟ್ಟಿಗೆ ಈಗ ಇಂಗ್ಲಿಷ್ ಹೆಸರಿನ ಮಾತ್ರೆಯೊಂದನ್ನು ಸೇರಿಸುವುದು ಬೇಡ.

ಮೂರನೇ ತರಗತಿ ಮುಗಿಯುತ್ತ ಬಂದರೂ ಮಗು ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ, ಮುಂದಿನ ಪದವನ್ನು ಊಹಿಸಿ ಹೇಳುತ್ತಿದ್ದರೆ, ಅದರ ತಾಯಿಯ ಒಂಬತ್ತು ತಿಂಗಳನ್ನು ಕೆದಕುವ ಹೊತ್ತಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಕರೆದೊಯ್ದು ಪರೀಕ್ಷೆ ಮಾಡಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಗುರುತಿಸಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಿ ಪಡೆಯಬಹುದು.